ವಿಧವೆಯ ಕೋಲು

ನನ್ನ ಗಂಡ ಹೆಡ್ಲಿಯನ್ನು ಮಣ್ಣು ಮಾಡಿ ಬಂದ ದಿನದಿಂದ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ನನ್ನನ್ನು ಪಾಪದ ಮುದುಕಿ ಅಂದುಕೊಳ್ಳಬಾರದು. ಅಳು ಬರಲಿಲ್ಲ, ಹಸಿವು ಹೋಗಲಿಲ್ಲ, ನಿದ್ದೆ ಕೆಡಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದಾಗ ದವಡೆ ಇರುತ್ತದಲ್ಲ, ಮುಟ್ಟಿದರೆ ಬೇರೆ ಯಾರದೋ ಮುಖ ಮುಟ್ಟಿದ ಹಾಗೆ, ಮೈಯೆಲ್ಲ ಹಾಗಿತ್ತು. ಊರವರು ಮಾಂಸದ ಕಡುಬು ತಂದುಕೊಟ್ಟಿದ್ದರು. ಒಂದೊಂದಾಗಿ ಬಿಸಿ ಮಾಡಿ ತಿಂದೆ. ಎಲ್ಲದರ ರುಚಿಯೂ ಒಂದೇ ಇತ್ತು.

ಹೆಡ್ಲಿ ಹೋದದ್ದು ಮಾರ್ಚ್‌ನಲ್ಲಿ, ಮೀನಿನ ಕಾಲ ಶುರುವಾಗುವ ಮುಂಚೆ. ಹೃದಯ ನಿಂತಿತು, ಕುರ್ಚಿಯಲ್ಲಿ ಕೂತಲ್ಲೇ. ಸೆಪ್ಟೆಂಬರ್ ಕೊನೆಗೆ ರಾಡ್ನಿ ಥ್ವೇಟ್ ನಮ್ಮ ಮನೆಗೆ ಬಂದ. ಅವನು ನಮ್ಮ ಹಾರ್‌ಬೆಕ್ ಊರಿನ ಗಾಳದವರ ಸಂಘದ ಅಧ್ಯಕ್ಷ. ಹಿಂದೆ ಶಾಲೆಯ ಹೆಡ್‌ಮಾಸ್ಟರ್ ಆಗಿದ್ದವನು, ಈಗಲೂ ಒಬ್ಬರ ಜೊತೆ ಮಾತಾಡಿದರೂ ನೂರು ಮಕ್ಕಳ ಮುಂದೆ ನಿಂತ ಹಾಗೇ ಮಾತಾಡುತ್ತಾನೆ. ಹೂವಿನ ಕುಂಡ ಒಂದನ್ನು ತಂದಿದ್ದ. ನಾನು ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ನಿಲ್ಲಿಸಲಿಲ್ಲ.

ಸಂಘದ ಸಭೆ ಬರುವ ತಿಂಗಳು, ನೀವು ಬರಲೇಬೇಕು ಅಂದ. ನಾನೇಕೆ ಬರಲಿ, ನನ್ನ ಜನ್ಮದಲ್ಲಿ ಗಾಳ ಹಿಡಿದವಳಲ್ಲ ಅಂದೆ. ಆಗ ಅವನು ವಿಧವೆಯ ಕೋಲಿನ ವಿಷಯ ನೆನಪಿಸಿದ.

ನಮ್ಮ ಸಂಘದಲ್ಲಿ ಗಾಳದ ಕೋಲುಗಳ, ಅಂದರೆ ಸದಸ್ಯರ, ಲೆಕ್ಕ ಕಟ್ಟುನಿಟ್ಟು. ಒಬ್ಬ ಸತ್ತರೆ ಮಾತ್ರ ಇನ್ನೊಬ್ಬನಿಗೆ ಜಾಗ. ಜಾಗ ಕೇಳಿಕೊಂಡವರು ವರ್ಷಗಟ್ಟಲೆ ಕಾಯುತ್ತ, ಮುದುಕರ ಕೆಮ್ಮು ಕೇಳಿಸಿದರೆ ಕಿವಿ ನಿಮಿರಿಸುತ್ತ ಕೂತಿರುತ್ತಾರೆ. ಆದರೆ ಸತ್ತವನ ಕೋಲನ್ನು ತಕ್ಷಣ ಕೊಡುವುದಿಲ್ಲ. ಆ ವರ್ಷ ಪೂರ್ತಿ ಅದು ಅವನ ಹೆಂಡತಿಯದು. ಅವಳು ಗಾಳ ಹಾಕಬಹುದು, ಹಾಕದೆಯೂ ಇರಬಹುದು, ಸಭೆಯಲ್ಲಿ ಅವನ ಬದಲು ಮತ ಹಾಕಬಹುದು. ಯಾವ ಕಾಲದ್ದೋ ಪದ್ಧತಿ. ಹೆಚ್ಚಿನ ಹೆಂಗಸರು ಮನೆಯಲ್ಲೇ ಇರುತ್ತಾರೆ. ಬದುಕಿದ್ದಾಗಲೇ ಅವರ ಗಂಡಂದಿರನ್ನು ಹೊಳೆ ತಿಂದು ಮುಗಿಸಿರುತ್ತದೆ, ಸತ್ತ ಮೇಲೂ ಆ ಹೊಳೆ ಯಾರಿಗೆ ಬೇಕು?

"ಈ ಸಲ ಒಂದೊಂದು ಮತವೂ ಮುಖ್ಯ, ಎನಿಡ್," ಅಂದ ರಾಡ್ನಿ. "ಹೆಡ್ಲಿ ನಲವತ್ತು ವರ್ಷ ಬಡಿದಾಡಿದ್ದು ಇದಕ್ಕೇ. ಈಗ ಕೈಗೆ ಬಂದಿದೆ. ಅವನ ಮತ ಅವನ ಕಡೆಗೇ ಬೀಳಬೇಕಲ್ವಾ?"

ನೋಡೋಣ ಅಂದೆ. ಅವನು ಅದನ್ನು ಹೌದು ಅಂತಲೇ ತಿಳಿದುಕೊಂಡು ಎದ್ದ.

ಬಡಿದಾಟ ಯಾವುದು ಅಂದರೆ, ಕಂದು ಟ್ರೌಟೋ ರೇನ್‌ಬೋ ಟ್ರೌಟೋ ಅನ್ನುವುದು. ನಗಬೇಡಿ. ನಮ್ಮ ಕಣಿವೆಯಲ್ಲಿ ಇದರ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಕಂದು ಮೀನು ಈ ಹೊಳೆಯಲ್ಲೇ ಹುಟ್ಟಿ ಬೆಳೆದದ್ದು. ಮೈಮೇಲೆ ಕೆಂಪು ಚುಕ್ಕಿ, ಮಹಾ ಸಂಶಯದ ಪ್ರಾಣಿ. ನೆರಳು ಬಿದ್ದರೆ ಸಾಕು, ಬೇರಿನಡಿ ಹೋಗಿ ಕೂತುಬಿಡುತ್ತದೆ. ಅದನ್ನು ಹಿಡಿಯಲು ಸೊಂಟದ ತನಕ ನೀರಿಗಿಳಿದು, ಕಲ್ಲಿನ ಮೇಲೆ ಕಾಲು ಜಾರದ ಹಾಗೆ ಮೇಲಿನ ಮಡುವಿನವರೆಗೆ ನಡೆಯಬೇಕು. ರೇನ್‌ಬೋ ಹಾಗಲ್ಲ. ಅದು ಸಾಕಣೆ ಕೊಳದಲ್ಲಿ ಬೆಳೆದು, ಲಾರಿಯ ತೊಟ್ಟಿಯಲ್ಲಿ ಬಂದು, ಹಳೆಯ ಗಿರಣಿಯ ಒಡ್ಡಿನ ಕೆಳಗೆ ಸುರಿಸಿಕೊಳ್ಳುವ ಮೀನು. ಪಕ್ಕೆಯುದ್ದಕ್ಕೂ ಗುಲಾಬಿ ಪಟ್ಟೆ, ಬಾಲದ ತುದಿಯವರೆಗೂ ಕಪ್ಪು ಚುಕ್ಕಿ. ಹಗಲು ಹೊತ್ತಲ್ಲೇ ಕಚ್ಚುತ್ತದೆ, ಕಚ್ಚಿದರೆ ನೀರಿನಿಂದ ಮೇಲಕ್ಕೆ ಹಾರಿ ಕುಣಿಯುತ್ತದೆ. ಕೆಲವರಿಗೆ ಆ ಕುಣಿತವೇ ಬೇಕು. ಕೆಲವರಿಗೆ ಕಂದು ಮೀನಿನ ಬಿಗುಮಾನವೇ ಬೇಕು. ಆ ಲಾರಿ ಇನ್ನು ಬರಬೇಕೋ ನಿಲ್ಲಬೇಕೋ ಅನ್ನುವುದಕ್ಕೇ ಈ ಸಲದ ಮತ.

ಹೆಡ್ಲಿ ಕಂದು ಮೀನಿನವನು. ಬರೀ ಕಂದಿನವನು ಅಂದರೆ ಸಾಲದು, ಆ ಪಂಥದ ಪಾದ್ರಿಯೇ ಅವನು. ಸಂಘದ ನಿಯಮ ಬರೆದವನೂ ಅವನೇ. ಕಂದು ಸಿಕ್ಕರೆ ಮುತ್ತಿನ ಹಾಗೆ ನೀರಿಗೆ ವಾಪಸ್ ಬಿಡಬೇಕು. ರೇನ್‌ಬೋ ಸಿಕ್ಕರೆ ತಲೆಗೆ ಬಡಿದು ಮನೆಗೆ ಒಯ್ಯಬೇಕು, ವಾಪಸ್ ಬಿಡುವ ಹಾಗಿಲ್ಲ. ಅದು ಕಂದಿನ ಅನ್ನ ಕಸಿಯುತ್ತದೆ ಅಂತ. ಹೀಗಾಗಿ ನಮ್ಮ ಮನೆಯಲ್ಲಿ ನಲವತ್ತು ವರ್ಷ ಗಾಳ, ಬಲೆ, ರಬ್ಬರು ಬೂಟು, ಒದ್ದೆ ಕಾಲುಚೀಲ ಎಲ್ಲ ಇತ್ತು, ಮೀನು ಮಾತ್ರ ಇರಲಿಲ್ಲ. ಮೀನು ತಿನ್ನಬೇಕೆನಿಸಿದರೆ ನಾನು ಶುಕ್ರವಾರ ಬರುವ ಗಾಡಿಯಲ್ಲಿ ಸಮುದ್ರದ ಮೀನು ಕೊಳ್ಳುತ್ತಿದ್ದೆ. ಇವನನ್ನು ಕಟ್ಟಿಕೊಂಡು ಮೀನಿಗೂ ಗತಿಯಿಲ್ಲ ಅಂತ ಅವನ ಮುಖಕ್ಕೇ ಹೇಳುತ್ತಿದ್ದೆ.

ಎದುರು ಪಕ್ಷದಲ್ಲಿ ನಾರ್ಮನ್ ಇದ್ದ. ನಾರ್ಮನ್ ಕಲ್ಲುಗಣಿಯ ಲಾರಿ ಓಡಿಸುತ್ತಿದ್ದವನು, ಹೆಡ್ಲಿಯ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಮದುವೆಯಾಗಲಿಲ್ಲ. ಪಾರ್ಶ್ವವಾಯು ಹೊಡೆದು ಎಡಗಾಲು ಬಿದ್ದುಹೋದ ಮೇಲೆ ಎರಡು ಕೋಲು ಊರಿ ನಡೆಯುತ್ತಾನೆ. ಅವನಿಗೋಸ್ಕರ ಒಡ್ಡಿನ ಹತ್ತಿರ, ರಸ್ತೆ ಪಕ್ಕದಲ್ಲೇ, ಕಟಕಟೆಯಿರುವ ಒಂದು ಮರದ ಅಟ್ಟಣೆ ಹಾಕಬೇಕೆಂದು ಸಂಘದಲ್ಲಿ ಮಾತು ಬಂದಾಗ ಹೆಡ್ಲಿ ಎದ್ದುನಿಂತು ವಿರೋಧಿಸಿದ. ಆಮೇಲೆ ಶನಿವಾರ ಹೋಗಿ ಹಲಗೆ ಹೊಡೆದವನೂ ಅವನೇ. ಪ್ರತಿ ಗುರುವಾರ ನಾರ್ಮನ್‌ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಕಂಕುಳಿಗೆ ಕೈಕೊಟ್ಟು ಅಟ್ಟಣೆಯ ಮೇಲೆ ಕೂರಿಸಿ, ಹಿಂದೆ ನಿಂತು ಹಂಗಿಸುತ್ತಿದ್ದ.

"ಕೋಳಿಗೂಡಲ್ಲಿ ಕೂತು ಕೋಳಿ ಹಿಡಿಯೋ ಗಂಡಸು ನೀನೊಬ್ಬನೇ ಕಣೋ. ಕಂದು ಈ ಹೊಳೆಯ ಮಗ. ನಿನ್ನ ರೇನ್‌ಬೋ ಲಾರೀಲಿ ಬಂದ ನೆಂಟ."

"ನೆಂಟನಾದ್ರೂ ಕರೆದ್ರೆ ಬರ್ತಾನಪ್ಪ," ಅನ್ನುತ್ತಿದ್ದ ನಾರ್ಮನ್. "ನಿನ್ನ ಮಗ ಬಾಗಿಲು ಹಾಕ್ಕೊಂಡು ಒಳಗೇ ಕೂತಿರ್ತಾನೆ. ಹೆತ್ತವರ ಗುಣ."

ಇಬ್ಬರೂ ಹೀಗೇ ಸಂಜೆಯ ತನಕ ಕಚ್ಚಾಡುತ್ತಿದ್ದರು. ನಾರ್ಮನ್ ನಮ್ಮ ಮನೆಯಲ್ಲಿ ಉಂಡು ಹೋಗುತ್ತಿದ್ದ. ಒಂದು ಮೀನನ್ನು ನನಗೆ ಕೊಡಲು ಬಂದರೆ ಹೆಡ್ಲಿ ಹೊಸಿಲು ದಾಟಿಸಲು ಬಿಡುತ್ತಿರಲಿಲ್ಲ.

ಇಷ್ಟು ಊರಿಗೆಲ್ಲ ಗೊತ್ತಿರುವ ಕಥೆ. ಗೊತ್ತಿಲ್ಲದ್ದು ಹೇಳುತ್ತೇನೆ.

ಕೊನೆಯ ಎರಡು ಬೇಸಿಗೆ ಹೆಡ್ಲಿಗೆ ಉಸಿರು ಸಾಲುತ್ತಿರಲಿಲ್ಲ. ನೀರಿಗಿಳಿದರೆ ಅಲ್ಲೇ ಹೋಗುತ್ತೀಯ ಅಂತ ಡಾಕ್ಟರು ಹೇಳಿದ್ದರು. ಸಂಘದವರ ಮುಂದೆ ಅವನು ಅದನ್ನು ಬಾಯಿಬಿಡಲಿಲ್ಲ. ಬೆಳಗಾಗುವ ಮೊದಲೇ ಮೇಲಿನ ಮಡುವಿಗೆ ಹೋಗಿ ಬರುತ್ತೇನೆ, ನೀವೆಲ್ಲ ಏಳುವಷ್ಟರಲ್ಲಿ ನಾನು ವಾಪಸ್ ಅಂತ ಹೇಳಿಕೊಂಡು ತಿರುಗಿದ. ಜನ ಬೆರಗಾದರು. ಈ ವಯಸ್ಸಲ್ಲೂ ಏನು ಗಟ್ಟಿಗ ಅಂದರು. ನಾನು ಮಾತ್ರ ಅವನ ಬೂಟು ನೋಡುತ್ತಿದ್ದೆ. ಸೊಂಟದವರೆಗಿನ ರಬ್ಬರು ಬೂಟು ಮೊಳೆಗೆ ನೇತುಹಾಕಿದ್ದು ಹಾಗೇ ಇತ್ತು, ಅದರೊಳಗೆ ಜೇಡ ಬಲೆ ಕಟ್ಟಿತ್ತು.

ಆಮೇಲೆ ಒಂದು ಸೋಮವಾರ ಅವನು ಹಳೆ ಪೇಪರಿನಲ್ಲಿ ಸುತ್ತಿದ ಮೀನು ತಂದು ಅಡಿಗೆಮನೆಯ ಕಟ್ಟೆಯ ಮೇಲಿಟ್ಟ. ತಲೆಯಿಲ್ಲ, ಬಾಲವಿಲ್ಲ, ಚರ್ಮವೂ ಇಲ್ಲ. ಗಾಡಿಯವನು ಕೊಟ್ಟ ಅಂದ. ಶುಕ್ರವಾರದ ಗಾಡಿ ಸೋಮವಾರ ಹೇಗೆ ಬಂತು ಅಂತ ನಾನು ಕೇಳಲಿಲ್ಲ. ಮುಂದಿನ ವಾರ ಮತ್ತೆ ಬಂತು, ಅದರ ಮುಂದಿನ ವಾರವೂ. ಒಂದು ಸಲ ಹಿತ್ತಲ ಕೊಟ್ಟಿಗೆಯಲ್ಲಿ ಬಕೆಟ್ಟು ತೊಳೆಯಲು ಹೋದರೆ ತಳಕ್ಕೆ ಒಂದು ಬಾಲ ಅಂಟಿಕೊಂಡಿತ್ತು. ತುದಿಯವರೆಗೂ ಕಪ್ಪು ಚುಕ್ಕಿ. ಕಂದು ಮೀನಿನ ಬಾಲದಲ್ಲಿ ಚುಕ್ಕಿ ಇರುವುದಿಲ್ಲ ಅನ್ನುವುದನ್ನು ನಲವತ್ತು ವರ್ಷ ಊಟದ ಹೊತ್ತಲ್ಲಿ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಅಂದರೆ ಇವನು ಹೋಗುತ್ತಿದ್ದದ್ದು ನಾರ್ಮನ್‌ನ ಅಟ್ಟಣೆಗೆ. ಯಾರೂ ಇಲ್ಲದ ಹೊತ್ತು ನೋಡಿ, ಅದೇ ಕೋಳಿಗೂಡಿನಲ್ಲಿ ಕೂತು, ಲಾರಿಯ ನೆಂಟನನ್ನೇ ಹಿಡಿಯುತ್ತಿದ್ದ. ವಾಪಸ್ ಬಿಡೋಣವೆಂದರೆ ತಾನೇ ಬರೆದ ನಿಯಮ ಅಡ್ಡ. ಎಸೆಯಲು ಮನಸ್ಸಿಲ್ಲ. ಅದಕ್ಕೇ ತಲೆ ಬಾಲ ಕತ್ತರಿಸಿ ಮನೆಗೆ ತರುತ್ತಿದ್ದ. ಹೇಳೋದು ವೇದ, ಹಾಕೋದು ಗಾಳ ಅನ್ನುತ್ತಾರಲ್ಲ, ಅದು ನಮ್ಮ ಮನೆಯಲ್ಲೇ ಕೂತು ಬೆಣ್ಣೆ ಹಚ್ಚಿದ ಬ್ರೆಡ್ಡು ತಿನ್ನುತ್ತಿತ್ತು.

ನಾನು ಬೆಣ್ಣೆಯಲ್ಲಿ ಹುರಿದೆ. ಆಲೂಗೆಡ್ಡೆ ಬೇಯಿಸಿದೆ. ಅವನು ತಲೆ ಎತ್ತದೆ ತಿಂದ, ಮುಳ್ಳು ಬಿಟ್ಟು ಏನೂ ಉಳಿಸದೆ ತಿಂದ. ಸತ್ಯ ಹೇಳಬೇಕೆಂದರೆ ಆ ಎರಡು ಬೇಸಿಗೆಯ ಸೋಮವಾರಗಳು ನನಗೆ ಇಷ್ಟವಾಗಿದ್ದವು. ಗಂಡ ಹಿಡಿದ ಮೀನನ್ನು ಹೆಂಡತಿ ಅಡಿಗೆ ಮಾಡಿ ಇಬ್ಬರೂ ತಿನ್ನುವುದು, ಅಷ್ಟೇ ತಾನೇ. ನಮಗದು ಮುದಿವಯಸ್ಸಲ್ಲಿ ಸಿಕ್ಕಿತು. ಒಂದು ಮಾತು ಕೇಳಿದ್ದರೆ ಅದೂ ನಿಂತುಹೋಗುತ್ತಿತ್ತು ಅಂತ ಸುಮ್ಮನಿದ್ದೆ.

ಹೆಡ್ಲಿ ಹೋದ ಮೇಲೆ ಗುರುವಾರ ನಾರ್ಮನ್‌ನನ್ನು ಕರೆದೊಯ್ಯುವ ಕೆಲಸ ನನ್ನದಾಯಿತು. ಯಾರೂ ಹೇಳಲಿಲ್ಲ. ಅವನು ಮೊದಲ ಗುರುವಾರ ಟೊಪ್ಪಿ ಹಾಕಿಕೊಂಡು ತನ್ನ ಮನೆಯ ಗೇಟಿನಲ್ಲಿ ನಿಂತಿದ್ದ, ಹೋಗುವ ನಂಬಿಕೆಯೂ ಇಲ್ಲದೆ, ಅಭ್ಯಾಸ ಬಲದಿಂದ. ನಾನು ಅಂಗಡಿಗೆ ಹೊರಟವಳು ಕಾರು ನಿಲ್ಲಿಸಿದೆ. ಅವನನ್ನು ಅಟ್ಟಣೆಯ ಮೇಲೆ ಕೂರಿಸಿ ನಾನು ಕಾರಿನಲ್ಲಿ ಕೂತು ಎದುರಿನ ಗೋಡೆ ನೋಡುತ್ತಿದ್ದೆ. ನೋಡುತ್ತಿದ್ದೆ ಅನ್ನುವುದೂ ಹೆಚ್ಚಾಯಿತು. ಕಣ್ಣು ತೆರೆದಿತ್ತು, ಅಷ್ಟೆ.

ನಾರ್ಮನ್ ಬೇರೆ ಹೊತ್ತಿನಲ್ಲಿ ಒಣಗಿದ ಮನುಷ್ಯ. ಕೈ ನಡುಗುತ್ತದೆ, ಮಾತು ಒಂದು ಕಡೆಗೆ ಎಳೆಯುತ್ತದೆ, ಚಹಾ ಕುಡಿದರೆ ಗಲ್ಲದ ಮೇಲೆ ಇಳಿಯುತ್ತದೆ. ಆದರೆ ದಾರ ಬಿಗಿಯಾಯಿತೆಂದರೆ ಆ ಕೈ ನಡುಗುವುದಿಲ್ಲ. ಗರಿ, ದಾರ ಸುತ್ತಿ ತಾನೇ ಕಟ್ಟಿದ ಸುಳ್ಳು ನೊಣವನ್ನು ನೀರಿನ ಮೇಲೆ ಇಳಿಸುತ್ತಾನೆ, ರೇನ್‌ಬೋ ಹಾರುತ್ತದೆ, ಇವನು ಕೂತಲ್ಲೇ ಅರ್ಧ ಎದ್ದು ಬೈಯುತ್ತಾನೆ, ನಗುತ್ತಾನೆ. ವಾರದಲ್ಲಿ ಅವನು ನಗುವುದು ಅದೊಂದು ದಿನ. ಲಾರಿ ಬರುವುದು ನಿಂತರೆ ಒಡ್ಡಿನ ಕೆಳಗೆ ಏನೂ ಉಳಿಯುವುದಿಲ್ಲ. ಕಂದು ಮೀನು ಅಲ್ಲಿಗೆ ಬರುವುದಿಲ್ಲ, ನಾರ್ಮನ್ ಮೇಲಕ್ಕೆ ಹೋಗಲಾರ. ಅಲ್ಲಿಗೆ ಅವನ ಗಾಳದ ಕಥೆ ಮುಗಿಯಿತು. ಅದು ಅವನಿಗೂ ಗೊತ್ತು, ಸಂಘದವರಿಗೂ ಗೊತ್ತು. ನಾರ್ಮನ್‌ಗೆ ಬೇರೆ ಏನಾದರೂ ಏರ್ಪಾಡು ಮಾಡೋಣ ಅಂತ ರಾಡ್ನಿ ಎಲ್ಲರ ಮುಂದೆ ಹೇಳುತ್ತಿದ್ದ. ಏನು ಏರ್ಪಾಡೋ ದೇವರಿಗೇ ಗೊತ್ತು.

ಸಭೆಗೆ ಮುಂಚಿನ ಗುರುವಾರ ನಾನೇ ಕೇಳಿದೆ, ಲಾರಿ ನಿಂತರೆ ಏನು ಮಾಡ್ತೀಯ ಅಂತ.

"ಟೀವಿ ಇದೆಯಲ್ಲ," ಅಂದ. ಆಮೇಲೆ ದಾರ ಸುತ್ತಿಕೊಳ್ಳುತ್ತ, "ಟೀವಿ ನನಗೆ ಅಷ್ಟು ಹಿಡಿಸಲ್ಲ ಕಣೇ," ಅಂದ.

ಅವನ ಪರವಾಗಿ ಎಷ್ಟು ಜನ ಇದ್ದಾರೆ ಅಂತ ಕೇಳಿದೆ. ಹೆಡ್ಲಿಯ ಕೋಲು ಬಿಟ್ಟು ಎಣಿಸಿದರೆ ಸಮ ಸಮ ಇದ್ದಾರಂತೆ. ಸಮ ಬಂದರೆ ಹಳೆಯದೇ ಮುಂದುವರಿಯುತ್ತದೆ, ಲಾರಿ ಬರುತ್ತದೆ. ಹೆಡ್ಲಿಯ ಕೋಲಿನ ಮತ ಯಾವ ಕಡೆ ಅಂತ ಅವನು ಕೇಳಲಿಲ್ಲ. ಕೇಳುವ ಅಗತ್ಯವಿಲ್ಲ ಅಂದುಕೊಂಡಿರಬೇಕು. ಆ ಹೊತ್ತಿಗೇ ನಾನು ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟೆ. ದಯೆಯಿಂದ ಮಾಡಿದೆ ಅನ್ನಲಾರೆ, ನನಗೆ ಆಗ ದಯೆ ಗಿಯೆ ಯಾವುದೂ ಇರಲಿಲ್ಲ. ಖಾಲಿ ಒಲೆಯಲ್ಲಿ ಗ್ಯಾಸು ಉರಿಯುತ್ತಿದ್ದರೆ ಆರಿಸುತ್ತೇವಲ್ಲ, ಹಾಗೆ. ನನ್ನ ಗಂಡನೇ ಆ ಅಟ್ಟಣೆಯ ಮೇಲೆ ಕೂತು ಗಾಳ ಹಾಕಿದವನು. ಅವನ ಮತ ನಿಜವಾಗಿ ಬೀಳಬೇಕಾದ್ದು ರೇನ್‌ಬೋಗೇ.

ಸಭೆ ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಪಬ್ಬಿನ ಹಿಂದಿನ ಕೋಣೆಯಲ್ಲಿ. ಎಲ್ಲರ ಮೈಯಿಂದಲೂ ಹುರಿದ ದನದ ಮಾಂಸದ ವಾಸನೆ. ಗೋಡೆಯ ಮೇಲೆ ಹೆಡ್ಲಿಯ ಫೋಟೋ ಆಗಲೇ ಏರಿತ್ತು. ಸೊಂಟದ ತನಕ ನೀರಿನಲ್ಲಿ ನಿಂತು, ಎರಡು ಕೈಯಲ್ಲಿ ಒಂದು ಕಂದು ಮೀನನ್ನು ಬಿಡುತ್ತಿರುವ ಫೋಟೋ. ಇಪ್ಪತ್ತು ವರ್ಷದ ಹಿಂದಿನದು, ತಲೆಯಲ್ಲಿ ಕೂದಲಿತ್ತು. ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ನಾರ್ಮನ್ ಬಾಗಿಲ ಬಳಿ ಕೂತ, ಅವನಿಗೆ ಕುರ್ಚಿಗಳ ನಡುವೆ ನುಸುಳಲು ಆಗುವುದಿಲ್ಲ.

ಮೊದಲು ವಾದ ನಡೆಯಿತು. ರೇನ್‌ಬೋ ಇಲ್ಲದಿದ್ದರೆ ಹೊಸಬರು ಒಂದು ಮೀನೂ ಕಾಣದೆ ಬಿಟ್ಟುಹೋಗುತ್ತಾರೆ ಅಂತ ಒಬ್ಬ. ಬಿಟ್ಟುಹೋಗಲಿ, ಮೀನು ಬೇಕಾದವನು ಅಂಗಡಿಗೆ ಹೋಗಲಿ ಅಂತ ಇನ್ನೊಬ್ಬ. ರೇನ್‌ಬೋ ಹಾರಿದ ಹಾಗೆ ನಿನ್ನ ಕಂದು ಹಾರುತ್ತಾ ಅಂತ ಮತ್ತೊಬ್ಬ. ಹಾರುವುದೇ ಬೇಕಿದ್ದರೆ ಕಪ್ಪೆ ಹಿಡಿ ಅಂದರು. ನಾನು ಕೇಳುತ್ತಿದ್ದೆ. ಮಾತುಗಳು ದೂರದಲ್ಲಿ ಯಾರದೋ ಮನೆಯ ರೇಡಿಯೋದಿಂದ ಬಂದ ಹಾಗೆ ಬರುತ್ತಿದ್ದವು.

ಕೊನೆಗೆ ರಾಡ್ನಿ ಎದ್ದ. ಹೆಡ್ಲಿಯ ಗುಣಗಾನ ಮಾಡಿದ. ಎದೆಯಲ್ಲಿ ಅಂಥ ರೋಗವಿದ್ದರೂ ಯಾರಿಗೂ ಹೇಳದೆ, ಕೊನೆಯ ಬೇಸಿಗೆಯವರೆಗೆ ಕತ್ತಲಲ್ಲಿ ಒಬ್ಬನೇ ಮೇಲಿನ ಮಡುವಿಗೆ ನಡೆದುಹೋದ, ಸುಲಭದ ಮೀನಿಗೆ ಒಂದು ಸಲವೂ ಕೈಚಾಚಲಿಲ್ಲ ಅಂದ. ಇನ್ನು ಮುಂದೆ ಆ ಮಡುವಿಗೆ ಹೆಡ್ಲಿ ಮಡು ಅಂತ ಹೆಸರು ಅಂದ. ಜನ ಮೇಜು ಬಡಿದರು. ಅವನ ವಿರೋಧಿಗಳೂ ಬಡಿದರು. ಆಮೇಲೆ ರಾಡ್ನಿ ನನ್ನ ಕಡೆ ತಿರುಗಿದ.

"ಎನಿಡ್, ಹೆಡ್ಲಿಯ ಪರವಾಗಿ ನೀವೊಂದು ಮಾತು ಹೇಳ್ತೀರಾ?"

ಎದ್ದೆ. ನಾಲಿಗೆಯ ತುದಿಗೆ ಬಂದಿತ್ತು. ಅವನು ಮಡುವಿಗೆ ಹೋಗಲಿಲ್ಲ, ಎರಡು ವರ್ಷ ಅಟ್ಟಣೆಯ ಮೇಲೆ ಕೂತು ರೇನ್‌ಬೋ ಹಿಡಿದ, ನಾವು ಬೆಣ್ಣೆಯಲ್ಲಿ ಹುರಿದು ತಿಂದೆವು, ಅವನಿಗೆ ಅದು ಬಹಳ ಇಷ್ಟವಾಗಿತ್ತು. ಇಷ್ಟೇ ಮಾತು. ಹೇಳಿದರೆ ಅರ್ಧ ಕೋಣೆ ನಗುತ್ತಿತ್ತು, ಅರ್ಧ ಕೋಣೆ ಆ ಫೋಟೋ ಕಡೆ ನೋಡಲಾರದೆ ನೆಲ ನೋಡುತ್ತಿತ್ತು. ಇವರೆಲ್ಲ ಹೆಡ್ಲಿಯ ಶವಪೆಟ್ಟಿಗೆ ಹೊತ್ತವರು. ಮನುಷ್ಯ ತನ್ನ ಹೆಸರಿಗಾಗಿ ಮೀನಿನ ತಲೆ ಕತ್ತರಿಸಿ ಬಚ್ಚಿಟ್ಟಿದ್ದಾನೆ, ಅದನ್ನು ಹೆಂಡತಿಯಾದವಳು ಎತ್ತಿ ಮೇಜಿನ ಮೇಲಿಡುವುದೇ? ನನ್ನ ಒಂದು ಮತ ಇದೆಯಲ್ಲ, ಸಾಕು, ಸಮ ಬರುವುದಲ್ಲ, ನಾರ್ಮನ್‌ನ ಪಕ್ಷಕ್ಕೆ ಒಂದು ಹೆಚ್ಚೇ ಬರುತ್ತದೆ ಅಂತ ಲೆಕ್ಕ ಹಾಕಿದೆ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ.

ಹೂವಿಗೆ ಥ್ಯಾಂಕ್ಸ್ ಅಂತ ಹೇಳಿ ಕೂತೆ.

ನಮ್ಮಲ್ಲಿ ಮತ ಹಾಕುವುದು ಕಾಳಿನಲ್ಲಿ. ಪ್ರತಿಯೊಬ್ಬರಿಗೂ ಒಂದು ಒಣ ಬಟಾಣಿ, ಒಂದು ಬಿಳಿ ಅವರೆ ಕೊಡುತ್ತಾರೆ. ಮುಚ್ಚಳದಲ್ಲಿ ತೂತಿರುವ ಹಳೆಯ ಮೀನಿನ ಬುಟ್ಟಿ ಸುತ್ತು ಬರುತ್ತದೆ, ಮುಷ್ಟಿ ಮುಚ್ಚಿ ಒಂದನ್ನು ಹಾಕಬೇಕು, ಇನ್ನೊಂದನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಲಾರಿ ಬರಲಿ ಅನ್ನುವವರು ಬಟಾಣಿ, ನಿಲ್ಲಲಿ ಅನ್ನುವವರು ಅವರೆ. ನಾನು ಬಟಾಣಿ ಹಾಕಿದೆ. ಪಕ್ಕದಲ್ಲಿದ್ದವನು ನನ್ನ ಭುಜ ತಟ್ಟಿದ, ಅವರೆ ಹಾಕಿದೆನೆಂದು ನಂಬಿ. ಬುಟ್ಟಿ ಬಾಗಿಲವರೆಗೆ ಹೋಗಿ ನಾರ್ಮನ್‌ನ ಕೈ ಮುಟ್ಟಿ ವಾಪಸ್ ಬಂತು.

ರಾಡ್ನಿ ತಟ್ಟೆಯ ಮೇಲೆ ಸುರಿದು ಎಣಿಸಿದ. ಎರಡನೇ ಸಲ ಎಣಿಸಿದ. ಒಂದು ಅವರೆ ಹೆಚ್ಚಿತ್ತು.

ಗೆದ್ದವರೂ ನಾರ್ಮನ್‌ನ ಕಡೆ ನೋಡಿ ಬಾಯಿ ಮುಚ್ಚಿಕೊಂಡರು. ಅವನು ಟೊಪ್ಪಿ ತಲೆಗಿಟ್ಟು, ಎರಡು ಊರುಗೋಲು ಕೈಗೆ ತೆಗೆದುಕೊಂಡು, ಹೋಗೋಣವಾ ಅಂತ ನನ್ನ ಕಡೆ ನೋಡಿದ. ನನ್ನ ಲೆಕ್ಕ ಎಲ್ಲಿ ತಪ್ಪಿತೋ ತಿಳಿಯಲಿಲ್ಲ. ಯಾವನೋ ಪಕ್ಷ ಬದಲಿಸಿದ್ದಾನೆ ಅಂದುಕೊಂಡೆ. ಇಂಥ ಸಭೆಗಳಲ್ಲಿ ಒಬ್ಬ ಇದ್ದೇ ಇರುತ್ತಾನೆ, ಬೀರು ಕುಡಿಸಿದವನ ಕಡೆಗೆ ವಾಲುವವನು.

ಕಾರಿನಲ್ಲಿ ಹೊರಟೆವು. ಬಿಸಿಲಿತ್ತು. ಕಲ್ಲುಗೋಡೆಗಳ ನಡುವೆ ಕುರಿಗಳು ಅಡ್ಡ ಬಂದವು, ನಿಲ್ಲಿಸಿದೆ, ಹೋದವು, ಮತ್ತೆ ಹೊರಟೆ. ಬೇಜಾರು ಮಾಡ್ಕೋಬೇಡ ಅಂತ ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಅವನೇ ಬಾಯಿಬಿಟ್ಟ.

"ಒಂದು ಮಾತು ಹೇಳ್ತೀನಿ ಎನಿಡ್, ಯಾರ ಹತ್ರಾನೂ ಅನ್ನಬೇಡ. ನಾನು ಅವರೆ ಹಾಕಿದೆ."

ಸರಿಯಾಗಿ ಕೇಳಿಸಲಿಲ್ಲವೇನೋ ಅಂದುಕೊಂಡೆ. ಏನು ಹಾಕಿದೆ ಅಂತ ಕೇಳಿದೆ.

"ಅವರೆ. ಅವನು ಇರೋ ತನಕ ಪ್ರತಿ ಸಲ ಬಟಾಣಿ ಹಾಕಿದ್ದೀನಿ, ಅವನ ಮುಖಕ್ಕೇ ಹೇಳಿ ಹಾಕಿದ್ದೀನಿ. ಬದುಕಿದ್ದವನ ಹತ್ರ ಜಗಳ ಆಡಬಹುದು ಕಣೇ. ಸತ್ತವನ ಹತ್ರ ಹೇಗೆ ಆಡೋದು?" ಮಾತು ಎಳೆಯುತ್ತಿತ್ತು, ತಡೆದು ತಡೆದು ಹೇಳಿದ. "ಎದೆ ಒಡೀತಿದ್ರೂ ಮಡುವಿಗೇ ಹೋದ ಮನುಷ್ಯ. ಒಂದೇ ಒಂದು ಸಲ ನನ್ನ ಪಕ್ಕ ಕೂತು ಗಾಳ ಹಾಕು ಅಂತ ಎಷ್ಟು ಕರೆದಿದ್ದೀನಿ, ಬರಲಿಲ್ಲ. ಅಷ್ಟು ನಿಷ್ಠೆ ಅವನಿಗೆ. ಅಂಥವನ ಆಸೆಗೆ ನನ್ನ ನಾಲ್ಕು ಮೀನು ಅಡ್ಡ ಬರಬಾರದು. ನಿಂಗೂ ಸಮಾಧಾನ ಆಗ್ಲಿ ಅಂತ."

ನಾನು ಕಾರನ್ನು ಗೋಡೆಯ ಪಕ್ಕಕ್ಕೆ ಎಳೆದು ನಿಲ್ಲಿಸಿದೆ.

ಕೋಪ ಬಂತು. ಏಳು ತಿಂಗಳು ಏನೂ ಬಾರದ ಎದೆಗೆ ಮೊದಲು ಬಂದದ್ದು ಅದು. ಹೆಡ್ಲಿಯ ಮೇಲೆ. ಲೋ ಸುಳ್ಳ, ಇವನು ಕರೆದಾಗ ಬರಲಿಲ್ಲ, ಇವನಿಲ್ಲದ ದಿನ ಕದ್ದು ಹೋದೆ. ಎರಡು ಬೇಸಿಗೆ ಇವನ ಪಕ್ಕದಲ್ಲಿ ಕೂತು ಇಬ್ಬರೂ ಹಿಡಿಯಬಹುದಿತ್ತು, ಹಂಗಿಸಿಕೊಂಡು, ನಗಾಡಿಕೊಂಡು, ಮೂವರೂ ಕೂತು ತಿನ್ನಬಹುದಿತ್ತು. ಆ ಸುಖವನ್ನು ನೀನೂ ಉಣ್ಣಲಿಲ್ಲ, ಇವನಿಗೂ ಕೊಡಲಿಲ್ಲ. ಈಗ ಸತ್ತು ಗೋಡೆ ಹತ್ತಿ ಕೂತು ಇವನ ಬಾಯಿಯ ತುತ್ತನ್ನೂ ಕಸಿದೆ. ಮತ್ತೆ ನಾನು. ನಾನು ನಿನ್ನ ಮಾನ ಕಾಯುತ್ತ ಹೂವಿಗೆ ಥ್ಯಾಂಕ್ಸ್ ಹೇಳಿ ಕೂತೆ. ಒಂದು ಮಾತು ಆಡಿದ್ದರೆ ಇವನು ಬಟಾಣಿ ಹಾಕುತ್ತಿದ್ದ, ಇವತ್ತು ನಗುತ್ತಿದ್ದ.

ಹೇಳಿಬಿಡೋಣ ಅಂತ ನಾರ್ಮನ್‌ನ ಕಡೆ ತಿರುಗಿದೆ. ಅವನ ಮುಖ ನೋಡಿದೆ. ಸೋತವನ ಮುಖವಲ್ಲ ಅದು. ಸ್ನೇಹಿತನಿಗೆ ದೊಡ್ಡದೇನನ್ನೋ ಕೊಟ್ಟು ಬಂದವನ ಮುಖ, ಸ್ವಲ್ಪ ನಾಚಿಕೆ, ಸ್ವಲ್ಪ ಹೆಮ್ಮೆ. ಮೀನು ಹೋಗಿ ಆಗಿದೆ, ಕಾಳು ಎಣಿಸಿ ಆಗಿದೆ. ಈಗ ನಿಜ ಹೇಳಿದರೆ ಅವನ ಕೈಯಲ್ಲಿ ಉಳಿದಿರುವುದು ಇದೊಂದು, ಇದನ್ನೂ ಕಿತ್ತುಕೊಂಡ ಹಾಗೆ.

ಬಾಯಿ ಮುಚ್ಚಿಕೊಂಡೆ. ಬಾಯಿ ಮುಚ್ಚಿದ್ದಕ್ಕೇ ಇರಬೇಕು, ಕಣ್ಣಲ್ಲಿ ಒಡೆದುಕೊಂಡು ಬಂತು. ಸ್ಟೀರಿಂಗಿಗೆ ಹಣೆಯಿಟ್ಟು ಅತ್ತೆ, ಮೂಗು ಸೋರುವ ಹಾಗೆ, ದನಿ ತೆಗೆದು, ಈ ವಯಸ್ಸಿನ ಹೆಂಗಸು ಹಾಗೆ ಅಳಬಾರದು ಅನ್ನುವ ಹಾಗೆ. ಅದು ಪೂರ್ತಿ ಕೋಪವೇ ಆಗಿತ್ತು.

ನಾರ್ಮನ್ ಸರಿಯಿರುವ ಕೈಯನ್ನು ನನ್ನ ಬೆನ್ನ ಮೇಲಿಟ್ಟ.

"ಅಳು ಕಣೇ, ಅತ್ತುಬಿಡು," ಅಂದ. "ಅಂಥ ನೇರ ಮನುಷ್ಯ ಇನ್ನೊಬ್ಬ ಸಿಗಲ್ಲ."

ಇಲ್ಲ, ಸಿಗಲ್ಲ ಅಂದೆ.